ಮಂಡಿನೋವಿನ ‘ಡಾಕ್ಟರು’ ಮತ್ತು ಫೋನಿನ ‘ಪೊಲೀಸರು’

ನಿಮ್ಮ ಮನೆಯಲ್ಲಿ ಅರುವತ್ತು ದಾಟಿದ ಹಿರಿಯರು ಮಂಡಿನೋವಿನಿಂದ ಕುಂಟುತ್ತಾ ನಡೆಯುತ್ತಿದ್ದಾರೆಯೇ? ಹಾಗಿದ್ದರೆ ಈ ಲೇಖನವನ್ನು ನೀವು ಓದಿ, ಬಳಿಕ ಅವರಿಗೂ ಓದಿ ಹೇಳಿ. ಆ ಕುಂಟು ನಡಿಗೆಯನ್ನು ನೋಡಿಯೇ ಬೇಟೆ ಆರಿಸುವ ವಂಚಕರಿದ್ದಾರೆ.

ಬೆಂಗಳೂರು, ಮುಂಬೈಯಂತಹ ನಗರಗಳಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲೇರಿದ ಈ ಬಗೆಯ ಪ್ರಕರಣಗಳು ಹೆಚ್ಚುಕಮ್ಮಿ ಒಂದೇ ರೀತಿಯವು. ಆಸ್ಪತ್ರೆಯ ವರಾಂಡದಲ್ಲೋ ಹೋಟೆಲಿನಲ್ಲೋ ಪಾರ್ಕಿನಲ್ಲೋ ಸಭ್ಯ ಉಡುಪಿನ ವ್ಯಕ್ತಿಯೊಬ್ಬ ಹತ್ತಿರ ಬಂದು ಮಾತಿಗಿಳಿಯುತ್ತಾನೆ. ‘ನನ್ನ ತಾಯಿಗೂ ಹೀಗೇ ಇತ್ತು. ಆಪರೇಷನ್ ಆಗಲೇಬೇಕೆಂದು ಹೇಳಿದ್ದರು. ಒಬ್ಬ ಡಾಕ್ಟರು ಮನೆಗೇ ಬಂದು ಗುಣಪಡಿಸಿದರು. ಈಗ ಸಲೀಸಾಗಿ ಮೆಟ್ಟಿಲು ಹತ್ತುತ್ತಾರೆ’ ಎನ್ನುತ್ತಾನೆ. ಒಂದು ನಂಬರ್ ಬರೆದು ಕೊಡುತ್ತಾನೆ. ಅವನು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ನಂಬಿಕೆ ಹುಟ್ಟುವುದೇ ಅಲ್ಲಿ.

ಫೋನ್ ಮಾಡಿದರೆ ‘ಡಾಕ್ಟರು’ ಸಹಾಯಕನ ಜೊತೆ ಮನೆಗೆ ಬರುತ್ತಾನೆ. ಮಂಡಿಯ ಸುತ್ತ ಸಣ್ಣ ಸಣ್ಣ ಗಾಯ ಮಾಡಿ, ಲೋಹದ ಕೊಳವೆಯಿಟ್ಟು ಹೀರುತ್ತಾನೆ. ತಟ್ಟೆಗೆ ಹಳದಿ ಬಣ್ಣದ ಹನಿಗಳು ಬೀಳುತ್ತವೆ. ಕಾಲಿನಲ್ಲಿ ಸೇರಿಕೊಂಡಿದ್ದ ವಿಷ ಇದೇ ಎಂದು ತೋರಿಸುತ್ತಾನೆ. ಹನಿಯೊಂದಕ್ಕೆ ಇಷ್ಟು ಸಾವಿರ ಎಂದು ಮೊದಲೇ ಹೇಳಿರುತ್ತಾನೆ, ಎಷ್ಟು ಹನಿ ಎಂದು ಹೇಳಿರುವುದಿಲ್ಲ. ಕೊನೆಗೆ ಲೆಕ್ಕ ಹಾಕಿದಾಗ ಲಕ್ಷಗಳಲ್ಲಿ ಬಿಲ್ಲು ಏಳುತ್ತದೆ. ಕಾಲಿನಲ್ಲಿ ರಕ್ತ ಸುರಿಯುತ್ತಿರುವ ವೃದ್ಧರು ಆ ಹೊತ್ತಿನಲ್ಲಿ ಚೌಕಾಸಿ ಮಾಡುವುದಾದರೂ ಹೇಗೆ?

ವೈದ್ಯಕೀಯ ಸತ್ಯ ಬಹಳ ಸರಳವಾಗಿದೆ. ವಯಸ್ಸಾದವರ ಮಂಡಿನೋವಿಗೆ ಸಾಮಾನ್ಯ ಕಾರಣ, ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿ ಸವೆಯುವುದು. ಅಲ್ಲಿ ವಿಷವೂ ಇಲ್ಲ, ಹೀರಿ ತೆಗೆಯಬೇಕಾದ ಕೀವೂ ಇಲ್ಲ. ಸಂಧಿಯಲ್ಲಿ ನಿಜವಾಗಿಯೂ ಕೀವು ತುಂಬಿದರೆ ಸಾಮಾನ್ಯವಾಗಿ ಜ್ವರ ಬರುತ್ತದೆ, ಮಂಡಿ ಕೆಂಪಾಗಿ ಊದಿ ಮುಟ್ಟಲೂ ಆಗದಷ್ಟು ನೋಯುತ್ತದೆ. ಅಂಥವರನ್ನು ಅಂದೇ ಆಸ್ಪತ್ರೆಗೆ ಒಯ್ಯಬೇಕು. ಮಂಡಿಯಲ್ಲಿ ನೀರು ತುಂಬಿದಾಗ ಮೂಳೆ ತಜ್ಞರು ತೆಗೆಯುವುದುಂಟು, ಆದರೆ ಶುದ್ಧೀಕರಿಸಿದ ಸೂಜಿಯಿಂದ, ಆಸ್ಪತ್ರೆಯಲ್ಲಿ. ಹನಿಗೆ ಇಂತಿಷ್ಟು ಎಂಬ ದರ ಯಾವ ವೈದ್ಯರಲ್ಲೂ ಇಲ್ಲ. ಇನ್ನು ಮನೆಯಿಂದ ಮನೆಗೆ ಸಾಗುವ ಆ ಕೊಳವೆಯಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡಬಹುದು. ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯ ಬೇಗ ಒಣಗುವುದಿಲ್ಲ. ಹೋದ ದುಡ್ಡಿಗಿಂತ ಆ ಗಾಯದ ನಂಜೇ ದುಬಾರಿಯಾಗಬಹುದು.

ಈ ನೋವಿಗೆ ನಿಜವಾಗಿ ಹಿತ ನೀಡುವ ಸಂಗತಿಗಳು ಮಾರಾಟಕ್ಕಿಲ್ಲ. ತೂಕ ಇಳಿಸುವುದು, ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಎತ್ತಿ ಸ್ವಲ್ಪ ಹೊತ್ತು ಹಿಡಿದು ಇಳಿಸುವ ವ್ಯಾಯಾಮ, ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂರುವುದನ್ನು ಕಡಿಮೆ ಮಾಡುವುದು, ವೈದ್ಯರು ಹೇಳಿದಷ್ಟೇ ನೋವಿನ ಮಾತ್ರೆ. ಇವು ತಿಂಗಳುಗಟ್ಟಲೆ ತಾಳ್ಮೆ ಬೇಡುತ್ತವೆ. ವಂಚಕ ಮಾರುವುದು ಅರ್ಧ ಗಂಟೆಯ ಪವಾಡವನ್ನು.

ಇದೇ ಜಾತಿಗೆ ಸೇರಿದ್ದು ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ಗಿಡಮೂಲಿಕೆ’ ಪುಡಿ. ಮೂರ್ನಾಲ್ಕು ದಿನಗಳಲ್ಲೇ ನೋವು ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಿ. ಇಂತಹ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಅದರಿಂದ ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಮುಖ ಊದಿಕೊಳ್ಳುತ್ತದೆ, ಮೂಳೆ ದುರ್ಬಲವಾಗುತ್ತದೆ. ನಿಮ್ಮ ಉಮ್ಮ ಅಂತಹ ಪುಡಿಯನ್ನು ಹಲವು ವಾರಗಳಿಂದ ಸೇವಿಸುತ್ತಿದ್ದರೆ ಕಸಿದು ಎಸೆಯಬೇಡಿ. ಸ್ಟಿರಾಯ್ಡನ್ನು ಹಠಾತ್ತನೆ ನಿಲ್ಲಿಸುವುದೂ ಅಪಾಯವೇ. ಪೊಟ್ಟಣದ ಸಮೇತ ವೈದ್ಯರಲ್ಲಿಗೆ ಕರೆದೊಯ್ಯಿರಿ. ‘ಸಕ್ಕರೆ ಕಾಯಿಲೆ ಬುಡಸಮೇತ ಗುಣ’ ಎಂಬಂತಹ ಜಾಹೀರಾತುಗಳನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಕ್ಯಾನ್ಸರ್, ಪಾರ್ಶ್ವವಾಯು, ಕಣ್ಣಿನ ಪೊರೆ, ಹೃದ್ರೋಗಗಳೂ ಆ ಪಟ್ಟಿಯಲ್ಲಿವೆ. ಆದರೂ ಅಂಥವು ನಮ್ಮ ಮೊಬೈಲುಗಳಲ್ಲಿ ದಿನವೂ ಕಾಣಿಸಿಕೊಳ್ಳುತ್ತವೆ.

ಮನೆಗೆ ಬರುವ ವಂಚಕ ನೋವನ್ನು ಹಿಡಿದುಕೊಂಡರೆ, ಫೋನಿನಲ್ಲಿ ಬರುವವನು ಹೆದರಿಕೆಯನ್ನು ಹಿಡಿದುಕೊಳ್ಳುತ್ತಾನೆ. ‘ಡಿಜಿಟಲ್ ಅರೆಸ್ಟ್’ ಎಂಬ ಪದವನ್ನು ನೀವು ಕೇಳಿರಬಹುದು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಹಣದ ಅಕ್ರಮ ನಡೆದಿದೆ ಎಂದು ಕರೆ ಬರುತ್ತದೆ. ಬಳಿಕ ವೀಡಿಯೋ ಕರೆಯಲ್ಲಿ ಖಾಕಿ ತೊಟ್ಟವನು ಪ್ರತ್ಯಕ್ಷನಾಗುತ್ತಾನೆ, ಹಿಂದೆ ಠಾಣೆಯಂತಹ ಕೋಣೆ. ಕ್ಯಾಮೆರಾದ ಎದುರಿನಿಂದ ಏಳಕೂಡದು, ಬಾಗಿಲು ಹಾಕಿಕೊಳ್ಳಬೇಕು, ಮಕ್ಕಳಿಗೆ ಹೇಳಿದರೆ ಅವರನ್ನೂ ಬಂಧಿಸುತ್ತೇವೆ ಎನ್ನುತ್ತಾನೆ. ಭಯೋತ್ಪಾದನೆಯ ಪ್ರಕರಣದಲ್ಲಿ ನಿಮ್ಮ ಹೆಸರಿದೆ ಎಂದು ಬೆದರಿಸಿದ ಉದಾಹರಣೆಗಳೂ ಇವೆ. ಅಂತಹ ಮಾತು ಕೇಳಿದರೆ ನಮ್ಮ ಮನೆಗಳ ಹಿರಿಯರಿಗೆ ಎಂತಹ ನಡುಕ ಹುಟ್ಟಬಹುದೆಂದು ವಿವರಿಸಬೇಕಾಗಿಲ್ಲ. ಊಟ, ನಿದ್ದೆ, ಬಿ.ಪಿ. ಮಾತ್ರೆ ಎಲ್ಲವನ್ನೂ ಬಿಟ್ಟು ದಿನಗಟ್ಟಲೆ ಫೋನಿನ ಮುಂದೆ ಕುಳಿತವರಿದ್ದಾರೆ.

ಅವರಿಗೆ ಇಷ್ಟನ್ನು ಬಿಡಿಸಿ ಹೇಳಿ: ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಇಲ್ಲ. ಪೊಲೀಸರು, ಸಿಬಿಐ, ನ್ಯಾಯಾಲಯ ಯಾರೂ ವೀಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, ‘ಪರಿಶೀಲನೆಗಾಗಿ’ ಹಣ ವರ್ಗಾಯಿಸಲು ಹೇಳುವುದಿಲ್ಲ. ಹರಿಯಾಣದ ಅಂಬಾಲದಲ್ಲಿ ವೃದ್ಧ ದಂಪತಿಯನ್ನು ನ್ಯಾಯಾಲಯದ ನಕಲಿ ಆದೇಶ ತೋರಿಸಿ ದೋಚಿದ ಬಳಿಕ, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಮೋಸ ಹೋದವರಲ್ಲಿ ನಿವೃತ್ತ ಅಧಿಕಾರಿಗಳು, ಪ್ರಾಧ್ಯಾಪಕರು, ಸ್ವತಃ ವೈದ್ಯರೂ ಇದ್ದಾರೆ. ಹಾಗಾಗಿ ಇದನ್ನು ಬುದ್ಧಿಯ ಕೊರತೆ ಎನ್ನುವುದು ತಪ್ಪು.

ಮಂಡಿಯ ಡಾಕ್ಟರನಿಗೂ ಫೋನಿನ ಪೊಲೀಸನಿಗೂ ಬೇಕಾದದ್ದು ಎರಡೇ: ಅವಸರ ಮತ್ತು ಗುಟ್ಟು. ‘ಇಂದೇ ಆಗಬೇಕು’, ‘ಯಾರಿಗೂ ಹೇಳಬೇಡಿ’ ಎಂಬ ಮಾತುಗಳು ಒಟ್ಟಿಗೆ ಬಂದವೆಂದರೆ ಎದುರಿಗಿರುವವನು ಯಾರೇ ಆಗಿರಲಿ, ಅಲ್ಲೇ ನಿಲ್ಲಿಸಬೇಕು. ಕರೆ ಕಡಿದು ಮಗಳಿಗೋ ಸೊಸೆಗೋ ಪಕ್ಕದ ಮನೆಯವರಿಗೋ ಹೇಳಬೇಕು.

ಆದರೆ ಹೇಳುವ ವಾತಾವರಣ ನಮ್ಮ ಮನೆಗಳಲ್ಲಿ ಇದೆಯೇ? ಪ್ರಾಮಾಣಿಕವಾಗಿ ಯೋಚಿಸಿ. ಅಜ್ಜ ಮೊಬೈಲ್ ಹಿಡಿದು ‘ಇದೇನು ನೋಡು’ ಎಂದರೆ ‘ಆಮೇಲೆ ನೋಡುತ್ತೇನೆ’ ಎನ್ನುತ್ತೇವೆ. ಐನೂರು ರೂಪಾಯಿ ಕಳಕೊಂಡರೆ ವರ್ಷವಿಡೀ ಅದನ್ನೇ ಎತ್ತಿ ಆಡುತ್ತೇವೆ. ಮುಂದಿನ ಬಾರಿ ಐದು ಲಕ್ಷದ ಬೆದರಿಕೆ ಬಂದಾಗ ಅವರು ನಮ್ಮಿಂದಲೇ ಮುಚ್ಚಿಡುತ್ತಾರೆ. ಗದರಿಸುವ ಮಗನಿಗಿಂತ ನಯವಾಗಿ ಮಾತಾಡುವ ಕಳ್ಳನೇ ಹತ್ತಿರದವನಾಗಿ ಕಾಣುತ್ತಾನೆ. ಫೋನ್ ಕಸಿದುಕೊಳ್ಳುವುದೂ ಪರಿಹಾರವಲ್ಲ. ಒಂಟಿತನವೇ ವಂಚಕನಿಗೆ ಒಳದಾರಿ.

ಮಕ್ಕಳು ಗಲ್ಫ್‌ನಲ್ಲಿದ್ದು ಊರಲ್ಲಿ ವೃದ್ಧರಷ್ಟೇ ಇರುವ ಮನೆಗಳು ಇನ್ನೊಂದು ತಯಾರಿ ಮಾಡಿಕೊಳ್ಳಬೇಕು. ‘ನಿಮ್ಮ ಮಗನಿಗೆ ಅಪಘಾತವಾಗಿದೆ, ತುರ್ತಾಗಿ ಹಣ ಬೇಕು’ ಎಂಬ ಕರೆ ಬರಬಹುದು. ಕಂಪ್ಯೂಟರಿನಿಂದ ಮಗನ ಸ್ವರವನ್ನೇ ಅನುಕರಿಸಲೂ ಸಾಧ್ಯ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಸಣ್ಣಂದಿನಲ್ಲಿ ಸಾಕಿದ್ದ ಆಡಿನ ಹೆಸರಾದರೂ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ರೋಗಿಯ ಮಗುವಿನ ಫೋಟೋ ಹಾಕಿ ಸದಕ, ಝಕಾತ್ ಕೇಳುವ ಸಂದೇಶ ಬಂದರೆ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ, ಹಣವನ್ನು ಆಸ್ಪತ್ರೆಯ ಖಾತೆಗೇ ಹಾಕಿ. ಆ ಆಸ್ಪತ್ರೆಯ ನಂಬರನ್ನು ಸಂದೇಶದಿಂದ ತೆಗೆದುಕೊಳ್ಳಬೇಡಿ, ಬೇರೆ ಕಡೆಯಿಂದ ಪಡೆಯಿರಿ.

ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹೋಗುವುದು ನಿಮ್ಮದೇ ಹಣ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಕವರಿನೊಳಗೆ ಇಟ್ಟುಬಿಡಿ. ಪಿಂಚಣಿದಾರರಿಗೆ ನವೆಂಬರ್‌ನಲ್ಲಿ ‘ಜೀವಿತ ಪ್ರಮಾಣ ಪತ್ರ ಅಪ್‌ಡೇಟ್ ಮಾಡುತ್ತೇವೆ, ಓಟಿಪಿ ಹೇಳಿ’ ಎಂಬ ಕರೆಗಳು ಬರುತ್ತವೆ, ಅವೂ ಮೋಸವೇ.

ಒಂದು ವೇಳೆ ಹಣ ಹೋಗಿಯೇಬಿಟ್ಟರೆ ಮೊದಲ ಗಂಟೆ ಅಮೂಲ್ಯ. 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಅವಕಾಶ ಆಗಲೇ ಹೆಚ್ಚು. ಸಂದೇಶಗಳನ್ನು ಅಳಿಸಬೇಡಿ. ಕೆಲ ದಿನಗಳ ಬಳಿಕ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಮತ್ತೊಬ್ಬ ಕರೆ ಮಾಡಬಹುದು. ಅವನೂ ಅದೇ ಗುಂಪಿನವನು.

ಬಳಿಕದ ವಾರಗಳಲ್ಲಿ ಹಿರಿಯರ ಆರೋಗ್ಯದ ಮೇಲೆ ಕಣ್ಣಿಡಿ. ನಷ್ಟವನ್ನು ತುಂಬಲೆಂದು ಸಕ್ಕರೆಯ, ಬಿ.ಪಿ.ಯ ಮಾತ್ರೆಗಳನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುವವರಿದ್ದಾರೆ, ಅದನ್ನು ಯಾರಿಗೂ ಹೇಳುವುದಿಲ್ಲ. ಮಾತ್ರೆಯ ಡಬ್ಬಿಯನ್ನು ನೀವೇ ತೆರೆದು ಎಣಿಸಿ. ಬಿ.ಪಿ. ಪರೀಕ್ಷಿಸಿ. ಮಾತು ಕಡಿಮೆಯಾಗಿದ್ದರೆ, ಊಟ ಬೇಡವೆಂದರೆ, ‘ನಾನು ನಿಮಗೆಲ್ಲ ಭಾರವಾದೆ’ ಎಂದರೆ ಅದನ್ನು ವಯಸ್ಸಿನ ಮಾತೆಂದು ತಳ್ಳಿಹಾಕದೆ ಪಕ್ಕದಲ್ಲಿ ಕುಳಿತು ಕೇಳಿ. ಮಾನಸಿಕ ಆರೋಗ್ಯಕ್ಕಾಗಿರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು, ಉಚಿತ, ರಾತ್ರಿಯೂ ತೆರೆದಿರುತ್ತದೆ.