ಕಡಲ ಪ್ರಯಾಣದಲ್ಲಿ ಸಾಂಕ್ರಾಮಿಕ ರೋಗ: ಪ್ರಯಾಣಿಕರು ತಿಳಿದಿರಬೇಕಾದ ಸಂಗತಿಗಳು

ಮನುಷ್ಯನು ಹಡಗನ್ನೇರಿ ದೂರದೇಶಗಳಿಗೆ ಹೋಗತೊಡಗಿದಂದಿನಿಂದ ರೋಗವೂ ಅವನ ಜೊತೆಯಲ್ಲಿ ಪ್ರಯಾಣ ಮಾಡುತ್ತ ಬಂದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಯುರೋಪನ್ನು ಪ್ಲೇಗ್ ಮಾರಿ ಕಾಡಿದಾಗ, ಆಡ್ರಿಯಾಟಿಕ್ ಸಮುದ್ರ ತೀರದ ರಗೂಸ ಎಂಬ ನಗರವು (ಇಂದಿನ ದುಬ್ರೋವ್ನಿಕ್) 1377ರಲ್ಲಿ ಒಂದು ಕಟ್ಟಳೆ ಮಾಡಿತು. ರೋಗವಿರುವ ಊರುಗಳಿಂದ ಬಂದವರು 30 ದಿನಗಳ ಕಾಲ ನಗರದ ಹೊರಗೆ ಪ್ರತ್ಯೇಕವಾಗಿ ಉಳಿದು, ಆರೋಗ್ಯವಂತರೆಂದು ಕಂಡುಬಂದ ನಂತರವೇ ಒಳಗೆ ಬರಬೇಕೆಂಬುದು ಅದರ ಸಾರ. ಮುಂದೆ ಈ ಅವಧಿ 40 ದಿನಗಳಿಗೆ ಏರಿತು. ನಲವತ್ತು ಎಂಬರ್ಥದ ಇಟಾಲಿಯನ್ ಪದದಿಂದಲೇ ‘ಕ್ವಾರಂಟೈನ್’ ಎಂಬ ಮಾತು ಹುಟ್ಟಿತು. ನಮ್ಮ ದೇಶಕ್ಕೂ ಈ ಅನುಭವ ಹೊಸದಲ್ಲ. 1896ರಲ್ಲಿ ಪ್ಲೇಗ್ ಮೊದಲು ಕಾಣಿಸಿಕೊಂಡದ್ದು ಮುಂಬಯಿಯ ಬಂದರಿಗೆ ಹೊಂದಿದ ಕೇರಿಗಳಲ್ಲಿ. ಎರಡು ವರ್ಷಗಳೊಳಗೆ ಅದು ರೈಲು ಮಾರ್ಗದ ಮೂಲಕ ಬೆಂಗಳೂರನ್ನು ಮುಟ್ಟಿತು. ಬಂದರಿಗೆ ಬರುವ ಮತ್ತು ಬಂದರಿನಿಂದ ಹೊರಡುವ ಹಡಗುಗಳನ್ನು ತಪಾಸಣೆ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಆ ಸಂಕಟದ ಕಾಲದಲ್ಲಿಯೇ ರೂಪುಗೊಂಡಿತು.

ಅಂದು ಹಡಗನ್ನೇರುತ್ತಿದ್ದವರು ವ್ಯಾಪಾರಿಗಳು, ಸೈನಿಕರು, ಕೂಲಿಕಾರರು. ಇಂದು ಕೇವಲ ವಿಹಾರಕ್ಕಾಗಿ ಹಡಗನ್ನೇರುವವರ ಸಂಖ್ಯೆ ದೊಡ್ಡದು. ಮುಂಬಯಿ, ಗೋವೆ, ಕೊಚ್ಚಿ, ಚೆನ್ನೈ ಬಂದರುಗಳಿಂದ ಇಂತಹ ನೌಕೆಗಳು ಹೊರಡುತ್ತವೆ. ನವಮಂಗಳೂರು ಬಂದರಿಗೂ ವಿದೇಶೀ ವಿಹಾರನೌಕೆಗಳು ಋತುಮಾನದಲ್ಲಿ ಬಂದುಹೋಗುತ್ತವೆ. ನಿವೃತ್ತರಾದ ತಂದೆತಾಯಿಯರನ್ನು ಮಕ್ಕಳು ಇಂತಹ ಪ್ರವಾಸಕ್ಕೆ ಕಳುಹಿಸಿಕೊಡುವುದೂ ಈಗ ರೂಢಿಗೆ ಬಂದಿದೆ. ಟಿಕೀಟು, ಉಡುಪು, ಊಟದ ಏರ್ಪಾಡುಗಳ ಬಗೆಗೆ ನಾವು ನೂರು ಪ್ರಶ್ನೆ ಕೇಳುತ್ತೇವೆ. ನಡುಗಡಲಿನಲ್ಲಿ ಅಂಟುರೋಗ ತಗುಲಿದರೆ ಏನು ಮಾಡಬೇಕೆಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ಹಡಗಿನಲ್ಲಿಯೇ ಏಕೆ?

ದೊಡ್ಡ ವಿಹಾರನೌಕೆಯೊಂದರಲ್ಲಿ ಎರಡು ಸಾವಿರದಿಂದ ಐದಾರು ಸಾವಿರ ಜನರು ಒಂದೇ ಸೂರಿನಡಿ ದಿನಗಟ್ಟಲೆ ವಾಸಿಸುತ್ತಾರೆ. ಒಂದೇ ಭೋಜನಶಾಲೆ, ಒಂದೇ ಈಜುಕೊಳ, ಅವೇ ಲಿಫ್ಟಿನ ಗುಂಡಿಗಳು, ಅವೇ ಮೆಟ್ಟಿಲ ಕೈಪಿಡಿಗಳು. ಪ್ರಯಾಣಿಕರಲ್ಲಿ ವಯೋವೃದ್ಧರ ಪ್ರಮಾಣ ಹೆಚ್ಚು. ಒಂದು ತಂಡ ಇಳಿದ ದಿನವೇ ಮತ್ತೊಂದು ತಂಡ ಹತ್ತುತ್ತದೆ. ಆದರೆ ಸಿಬ್ಬಂದಿ ಅವರೇ. ಆದುದರಿಂದ ಒಂದು ಯಾನದಲ್ಲಿ ಹುಟ್ಟಿದ ಸೋಂಕು ಮುಂದಿನ ಯಾನದ ಪ್ರಯಾಣಿಕರಿಗೂ ದಾಟಿಹೋಗುವ ಸಂಭವವುಂಟು.

ಹಾಗೆಂದು ಹಡಗುಗಳು ಕೊಳಕಿನ ತಾಣಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ ವರದಿಯಾಗುವ ನೋರೋವೈರಸ್ ರೋಗಸ್ಫೋಟಗಳಲ್ಲಿ ವಿಹಾರನೌಕೆಗಳ ಪಾಲು ಕೇವಲ ಶೇಕಡ 1ರಷ್ಟು. ಆ ದೇಶದ ಬಂದರಿಗೆ ಬರುವ ನೌಕೆಯು ತನ್ನಲ್ಲಿರುವ ವಾಂತಿಭೇದಿ ರೋಗಿಗಳ ಲೆಕ್ಕವನ್ನು ಮುಂಚಿತವಾಗಿಯೇ ಒಪ್ಪಿಸಬೇಕು; ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇಕಡ 3ರಷ್ಟು ಮಂದಿಗೆ ರೋಗ ತಗುಲಿದರೆ ಅದು ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ನಮ್ಮ ಮದುವೆಯ ಛತ್ರದಲ್ಲಿ ಉಂಡ ನೂರು ಜನರಿಗೆ ಮರುದಿನ ಹೊಟ್ಟೆ ಕೆಟ್ಟರೆ ಲೆಕ್ಕವಿಡುವವರು ಯಾರು? ಹಡಗಿನ ರೋಗ ಎದ್ದು ಕಾಣುವುದು ಬಹುಮಟ್ಟಿಗೆ ಅದನ್ನು ಎಣಿಸುವುದರಿಂದ.

ವಾಂತಿಭೇದಿಯ ವೈರಾಣು

ವಿಹಾರನೌಕೆಗಳಲ್ಲಿ ಕಾಣಿಸಿಕೊಳ್ಳುವ ವಾಂತಿಭೇದಿಯ ಪ್ರಕರಣಗಳಿಗೆ ಬಹುಪಾಲು ನೋರೋವೈರಸ್ ಎಂಬ ವೈರಾಣುವೇ ಕಾರಣ. 1968ರಲ್ಲಿ ಅಮೆರಿಕದ ಒಹಾಯೋ ಪ್ರಾಂತ್ಯದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಈ ಬೇನೆ ಹಬ್ಬಿತು. ಅಲ್ಲಿ ಸಂಗ್ರಹಿಸಿದ ಮಾದರಿಯಲ್ಲಿ ವೈರಾಣುವನ್ನು 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸಲಾಯಿತು. ಹೆಸರು ಬಂದದ್ದು ಆ ಊರಿನಿಂದ.

ಇದರ ಕೆಲವು ಗುಣಗಳನ್ನು ಅರಿತರೆ ಹಡಗಿನಲ್ಲಿ ಅನುಸರಿಸುವ ನಿಯಮಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ. ಮೊದಲನೆಯದಾಗಿ, ರೋಗ ತಗುಲಲು ಹತ್ತಾರು ವೈರಾಣು ಕಣಗಳು ಸಾಕು. ರೋಗಿಯ ಮಲದಲ್ಲಿಯೂ ವಾಂತಿಯಲ್ಲಿಯೂ ಅವು ಕೋಟಿಗಟ್ಟಲೆ ಇರುತ್ತವೆ. ವಾಂತಿಯಾದಾಗ ಕಣ್ಣಿಗೆ ಕಾಣದ ತುಂತುರು ಸುತ್ತಲಿನ ನೆಲ, ಮೇಜು, ಬಟ್ಟೆಗಳ ಮೇಲೆ ಬೀಳುತ್ತದೆ. ಎರಡನೆಯದಾಗಿ, ಈ ವೈರಾಣು ಒಣ ಮೇಲ್ಮೈಗಳ ಮೇಲೆ ದಿನಗಟ್ಟಲೆ ಜೀವಂತವಾಗಿರಬಲ್ಲದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕೊರೋನಾ, ಫ್ಲೂ ಮುಂತಾದ ವೈರಾಣುಗಳಿಗೆ ಕೊಬ್ಬಿನಂಶದ ಒಂದು ಹೊರಹೊದಿಕೆಯಿದೆ. ಮದ್ಯಸಾರವು ಅದನ್ನು ಕರಗಿಸಿ ವೈರಾಣುವನ್ನು ಕೊಲ್ಲುತ್ತದೆ. ನೋರೋವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಆದಕಾರಣ ಭೋಜನಶಾಲೆಯ ಬಾಗಿಲಲ್ಲಿರಿಸಿದ ಸ್ಯಾನಿಟೈಸರ್ ದ್ರವವನ್ನು ಅಂಗೈಗೆ ಸವರಿಕೊಂಡು ನಿಶ್ಚಿಂತರಾಗುವಂತಿಲ್ಲ. ಸಾಬೂನು ಹಚ್ಚಿ, ಬೆರಳ ಸಂದು, ಉಗುರಿನ ಬುಡಗಳನ್ನು ಉಜ್ಜಿ, ಕನಿಷ್ಠ 20 ಸೆಕೆಂಡುಗಳ ಕಾಲ ಹರಿಯುವ ನೀರಿನಲ್ಲಿ ತೊಳೆಯಬೇಕು. ಸಾಬೂನು ಈ ವೈರಾಣುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದನ್ನು ಕೈಯಿಂದ ಬಿಡಿಸಿ ನೀರಿನೊಡನೆ ಸಾಗಹಾಕುತ್ತದೆ. ಊಟಕ್ಕೆ ಮೊದಲು ಕೈಕಾಲು ತೊಳೆಯಬೇಕೆಂದು ನಮ್ಮ ಮನೆಗಳಲ್ಲಿ ಅಜ್ಜಿಯರು ಹಟಹಿಡಿಯುತ್ತಿದ್ದುದು ಇಲ್ಲಿ ಅಕ್ಷರಶಃ ಉಪಯುಕ್ತ. ನೆಲ, ಮೇಜು, ಶೌಚಗೃಹಗಳ ಶುದ್ಧಿಗೆ ಕ್ಲೋರಿನ್ ಇರುವ ದ್ರಾವಣವೇ ಆಗಬೇಕು.

ಸೋಂಕು ತಗುಲಿದ 12ರಿಂದ 48 ಗಂಟೆಗಳೊಳಗೆ ಹೊಟ್ಟೆ ತೊಳಸುವಿಕೆ, ಹಠಾತ್ತನೆ ವಾಂತಿ, ನೀರುಭೇದಿ, ಹೊಟ್ಟೆನೋವು, ಕೆಲವೊಮ್ಮೆ ಸಣ್ಣ ಜ್ವರ ಕಾಣಿಸಿಕೊಳ್ಳುತ್ತವೆ. ಒಂದರಿಂದ ಮೂರು ದಿನಗಳಲ್ಲಿ ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ. ಇದು ಬ್ಯಾಕ್ಟೀರಿಯಾ ಅಲ್ಲವಾದುದರಿಂದ ಪ್ರತಿಜೀವಕ ಔಷಧಿಗಳಿಂದ ಏನೂ ಪ್ರಯೋಜನವಿಲ್ಲ. ಅಪಾಯವಿರುವುದು ದೇಹದ ನೀರು ಬತ್ತಿಹೋಗುವುದರಲ್ಲಿ. ಎಳೆಯ ಮಕ್ಕಳು ಮತ್ತು ವೃದ್ಧರು ಬಹುಬೇಗ ನಿತ್ರಾಣರಾಗುತ್ತಾರೆ.

ಇದಕ್ಕೆ ಅತ್ಯುತ್ತಮ ಮದ್ದು ಓ.ಆರ್.ಎಸ್., ಎಂದರೆ ಜೀವಜಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿದರು. ಶೇಕಡ 30ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಒಂದು ಪೊಟ್ಟಣಕ್ಕೆ ಒಂದು ಲೀಟರ್ ಶುದ್ಧ ನೀರು ಎಂಬ ಪ್ರಮಾಣದಂತೆ (ಪೊಟ್ಟಣದ ಮೇಲಿನ ಸೂಚನೆ ಓದಿಕೊಳ್ಳಬೇಕು) ಕಲಸಿ, ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಪುನಃ ಆರಂಭಿಸಬೇಕು. ಪೊಟ್ಟಣವಿಲ್ಲದಿದ್ದರೆ ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಲದಲ್ಲಿ ರಕ್ತವಿದ್ದರೆ, ಜ್ವರ ಏರಿದರೆ, ಮೂತ್ರ ಕಡಮೆಯಾದರೆ ಅಥವಾ ರೋಗಿ ಮಂಕಾದರೆ ತಡಮಾಡದೆ ಹಡಗಿನ ವೈದ್ಯರನ್ನು ಕರೆಯಬೇಕು. ಭೇದಿ ನಿಲ್ಲಿಸುವ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು, ಮಕ್ಕಳಿಗಂತೂ ಕೊಡಲೇಬಾರದು.

ಮುಚ್ಚಿಡುವುದೇ ದೊಡ್ಡ ಕೇಡು

ರೋಗಲಕ್ಷಣ ಕಂಡಕೂಡಲೇ ಕೋಣೆಯಲ್ಲಿಯೇ ಉಳಿದು, ದೂರವಾಣಿಯ ಮೂಲಕ ಚಿಕಿತ್ಸಾಲಯಕ್ಕೆ ತಿಳಿಸಬೇಕು. ತಾವೇ ನಡೆದುಹೋಗಿ ಅಲ್ಲಿ ಇತರರೊಡನೆ ಕುಳಿತು ಕಾಯುವುದು ಸರಿಯಲ್ಲ. ವೈದ್ಯರು ಸಾಮಾನ್ಯವಾಗಿ ರೋಗಲಕ್ಷಣಗಳು ನಿಂತ ಮೇಲೂ 24ರಿಂದ 48 ಗಂಟೆಗಳ ಕಾಲ ಕೋಣೆಯಲ್ಲಿಯೇ ಇರುವಂತೆ ಹೇಳುತ್ತಾರೆ. ಗುಣವಾದ ನಂತರವೂ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮಲದಲ್ಲಿ ವೈರಾಣು ಹೊರಬೀಳುತ್ತಿರಬಹುದಾದ್ದರಿಂದ ಕೈತೊಳೆಯುವ ಶಿಸ್ತನ್ನು ಮನೆಗೆ ಮರಳಿದ ಮೇಲೂ, ವಿಶೇಷವಾಗಿ ಅಡುಗೆ ಮಾಡುವವರು, ಬಿಡುವಂತಿಲ್ಲ.

ಇಲ್ಲಿಯೇ ಮನುಷ್ಯ ಸ್ವಭಾವ ಅಡ್ಡಬರುತ್ತದೆ. ವರ್ಷಗಟ್ಟಲೆ ಹಣ ಕೂಡಿಟ್ಟು ಕೈಗೊಂಡ ಏಳು ದಿನಗಳ ಪ್ರವಾಸದಲ್ಲಿ ಮೂರು ದಿನ ಕೋಣೆಯೊಳಗೆ ಕಳೆಯಲು ಯಾರಿಗೂ ಇಷ್ಟವಿರದು. “ಏನೋ ಅಜೀರ್ಣ, ಸರಿಹೋಗುತ್ತದೆ” ಎಂದು ಎಂದಿನಂತೆ ಭೋಜನಶಾಲೆಗೆ ಹೋಗಿ ಎಲ್ಲರೂ ಮುಟ್ಟುವ ಸೌಟನ್ನೇ ಹಿಡಿಯುತ್ತಾರೆ. ಅದೇ ಸೌಟನ್ನು ಬೇರೊಬ್ಬರ ಎಂಬತ್ತು ವರ್ಷದ ತಾಯಿ ಹಿಡಿಯುತ್ತಾಳೆಂಬುದು ಆ ಹೊತ್ತಿಗೆ ನೆನಪಾಗುವುದಿಲ್ಲ. ರೋಗಸ್ಫೋಟದ ಸಮಯದಲ್ಲಿ ಸಿಬ್ಬಂದಿಯೇ ಬಡಿಸುವ ಏರ್ಪಾಡು ಮಾಡುವುದು ಈ ಕಾರಣಕ್ಕಾಗಿ. ಅದನ್ನು ಅಗೌರವವೆಂದು ಭಾವಿಸಿ ವಾದಿಸುವವರೂ ಇದ್ದಾರೆ!

ಉಸಿರಿನ ಮೂಲಕ ಹರಡುವ ರೋಗಗಳು

ಫ್ಲೂ, ಕೋವಿಡ್, ದಡಾರ, ಸೀತಾಳೆಸಿಡುಬುಗಳ ದಾರಿಯೇ ಬೇರೆ. 2020ರ ಜನವರಿ 20ರಂದು ಯೊಕೊಹಾಮದಿಂದ ಹೊರಟ ‘ಡೈಮಂಡ್ ಪ್ರಿನ್ಸೆಸ್’ ಹಡಗಿನ ವೃತ್ತಾಂತ ಇದಕ್ಕೆ ನಿದರ್ಶನ. ಹಾಂಗ್‌ಕಾಂಗಿನಲ್ಲಿ ಇಳಿದುಹೋದ ಪ್ರಯಾಣಿಕರೊಬ್ಬರಿಗೆ ಕೋವಿಡ್ ಇರುವುದು ಫೆಬ್ರವರಿ 1ರಂದು ತಿಳಿಯಿತು. ಯೊಕೊಹಾಮಕ್ಕೆ ಮರಳಿದ ಹಡಗಿನಲ್ಲಿದ್ದ 3,711 ಜನರನ್ನು ಅಲ್ಲಿಯೇ ತಡೆಹಿಡಿಯಲಾಯಿತು. ಅವರಲ್ಲಿ 712 ಮಂದಿಗೆ ಸೋಂಕು ದೃಢಪಟ್ಟಿತು. ಪರೀಕ್ಷೆಯ ವೇಳೆಗೆ ಹೆಚ್ಚುಕಡಿಮೆ ಅರ್ಧದಷ್ಟು ಸೋಂಕಿತರಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಪ್ರಯಾಣಿಕರನ್ನು ಕೋಣೆಗಳಲ್ಲಿ ಇರಿಸಿದರಾದರೂ ಅವರಿಗೆ ಊಟ ತಲುಪಿಸುವ ಸಿಬ್ಬಂದಿ ದುಡಿಯುತ್ತಲೇ ಇದ್ದರು, ಹಂಚಿಕೊಂಡ ಕೋಣೆಗಳಲ್ಲಿಯೇ ಮಲಗುತ್ತಿದ್ದರು. ದಿಗ್ಬಂಧನವು ಎಲ್ಲರನ್ನೂ ಸಮನಾಗಿ ಕಾಪಾಡಲಿಲ್ಲವೆಂಬುದೇ ಆ ಘಟನೆಯಿಂದ ತಿಳಿದುಬಂದ ದೊಡ್ಡ ಸಂಗತಿ ಎನ್ನಬಹುದು. ಆ ಹಡಗಿನಲ್ಲಿ 138 ಮಂದಿ ಭಾರತೀಯರಿದ್ದರು. ಅವರಲ್ಲಿ 132 ಮಂದಿ ಸಿಬ್ಬಂದಿಯೇ. ಭಾರತ ಸರ್ಕಾರವು ವಿಶೇಷ ವಿಮಾನದಲ್ಲಿ 119 ಭಾರತೀಯರನ್ನು ಫೆಬ್ರವರಿ 27ರಂದು ದೆಹಲಿಗೆ ಕರೆತಂದು ಮಾನೇಸರದ ಶಿಬಿರದಲ್ಲಿ ಇರಿಸಿತು. 2022ರ ಜನವರಿಯಲ್ಲಿ ಮುಂಬಯಿಯಿಂದ ಗೋವೆಗೆ ಹೋದ ಹಡಗೊಂದರಲ್ಲಿಯೂ ಸುಮಾರು ಎರಡು ಸಾವಿರ ಜನರ ಪೈಕಿ 66 ಮಂದಿಯಲ್ಲಿ ಸೋಂಕು ಕಂಡುಬಂದು, ಹಡಗು ಮುಂಬಯಿಗೆ ಹಿಂದಿರುಗಬೇಕಾಯಿತು.

ಕೆಮ್ಮು, ಜ್ವರ ಕಾಣಿಸಿಕೊಂಡವರು ಮುಖಗವುಸು ಧರಿಸಿ ಕೋಣೆಯಲ್ಲಿರಬೇಕು. ಬಾಲ್ಕನಿಯಿದ್ದರೆ ಹೊರಗಿನ ಗಾಳಿಗೆ ಅವಕಾಶ ಕೊಡಬೇಕು. ಜೊತೆಯವರಿಗೆ ಬೇರೆ ಕೋಣೆ ದೊರೆಯುವುದೇ ಎಂದು ವಿಚಾರಿಸುವುದು ಒಳ್ಳೆಯದು. ಸಕ್ಕರೆ ಕಾಯಿಲೆ, ಹೃದ್ರೋಗವಿರುವವರು ಮತ್ತು ಗರ್ಭಿಣಿಯರು ಮೊದಲ ದಿನವೇ ವೈದ್ಯರನ್ನು ಕಾಣಬೇಕು. ಫ್ಲೂ ರೋಗಕ್ಕೆ ಕೊಡುವ ಔಷಧಿಯು ಮೊದಲ 48 ಗಂಟೆಗಳಲ್ಲಿ ಆರಂಭಿಸಿದರೆ ಹೆಚ್ಚು ಗುಣಕಾರಿ.

ಬಂದರಿನ ಆರೋಗ್ಯ ವ್ಯವಸ್ಥೆ

2007ರ ಜೂನ್ 15ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಗೆ ಭಾರತವೂ ಬದ್ಧ. ಇದರಂತೆ ಹಡಗಿನ ಕಪ್ತಾನನು ಬಂದರಿಗೆ ಬರುವ ಮುನ್ನ ಹಡಗಿನಲ್ಲಿರುವ ರೋಗಿಗಳ ವಿವರವನ್ನೊಳಗೊಂಡ ಘೋಷಣಾಪತ್ರವನ್ನು ಒಪ್ಪಿಸಬೇಕಾಗುತ್ತದೆ. ನಮ್ಮ ಪ್ರಮುಖ ಬಂದರುಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿರುವ ಬಂದರು ಆರೋಗ್ಯ ಸಂಸ್ಥೆಯು ಅದನ್ನು ಪರಿಶೀಲಿಸಿ ಒಳಬರಲು ಅನುಮತಿ ನೀಡುತ್ತದೆ. ಹಿಂದೆ ಹಳದಿ ಬಾವುಟವೆಂದರೆ ರೋಗವಿರುವ ಹಡಗೆಂದು ಜನ ಹೆದರುತ್ತಿದ್ದರು. ಇಂದಿನ ಸಂಕೇತಪದ್ಧತಿಯಲ್ಲಿ ಅದೇ ಹಳದಿ ಬಾವುಟದ ಅರ್ಥ, “ನನ್ನ ಹಡಗು ಆರೋಗ್ಯವಾಗಿದೆ, ಒಳಬರಲು ಅನುಮತಿ ಬೇಕು” ಎಂದು!

ನಿಯಮಗಳಿದ್ದರೂ ಭಯ ಮೇಲುಗೈ ಪಡೆಯುವುದುಂಟು. 2020ರ ಫೆಬ್ರವರಿಯಲ್ಲಿ ‘ವೆಸ್ಟರ್‌ಡ್ಯಾಮ್’ ಎಂಬ ನೌಕೆಯನ್ನು ಜಪಾನ್, ಥಾಯ್ಲೆಂಡ್ ಮೊದಲಾದ ದೇಶಗಳು ಒಳಬಿಟ್ಟುಕೊಳ್ಳಲಿಲ್ಲ; ಕೊನೆಗೆ ಕಾಂಬೋಡಿಯ ಆಶ್ರಯ ನೀಡಿತು. ಆದಕಾರಣ ಪ್ರತಿದಿನ ಸೇವಿಸುವ ಔಷಧಿಗಳನ್ನು ಪ್ರವಾಸದ ಅವಧಿಗಿಂತ ಕನಿಷ್ಠ ಎರಡು ವಾರಗಳಿಗೆ ಹೆಚ್ಚಾಗಿ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು ಜಾಣತನ.

ಹಡಗಿನ ಚಿಕಿತ್ಸಾಲಯಕ್ಕೆ ಅದರದೇ ಆದ ಮಿತಿಗಳಿವೆ. ತುರ್ತು ಚಿಕಿತ್ಸೆ ದೊರೆಯುತ್ತದೆ, ದೊಡ್ಡ ಶಸ್ತ್ರಚಿಕಿತ್ಸೆ ದೊರೆಯುವುದಿಲ್ಲ. ಶುಲ್ಕ ಸಾಮಾನ್ಯವಾಗಿ ದುಬಾರಿ. ತೀರಕ್ಕೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದರೆ ಖರ್ಚು ಲಕ್ಷಗಟ್ಟಲೆ ಆಗಬಹುದು. ತೀರ ಬಹುದೂರವಿದ್ದರೆ ಅದೂ ಸಾಧ್ಯವಿಲ್ಲ. ಪ್ರವಾಸ ವಿಮೆ ಕೊಳ್ಳುವಾಗ ನಡುಗಡಲಿನ ಚಿಕಿತ್ಸೆ, ರೋಗಿಯ ಸಾಗಣೆ, ದಿಗ್ಬಂಧನದ ದಿನಗಳ ಖರ್ಚು ಇವು ಮೂರೂ ಸೇರಿವೆಯೇ ಎಂದು ಓದಿ ನೋಡಬೇಕು. ಫ್ಲೂ ಲಸಿಕೆಯನ್ನು ಹೊರಡುವುದಕ್ಕೆ ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು, ಏಕೆಂದರೆ ರಕ್ಷಣೆ ಮೂಡಲು ಅಷ್ಟು ಕಾಲ ಬೇಕು.

ಹಡಗಿನಲ್ಲಿ ದುಡಿಯುವವರು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹಾಗೂ ಮುಂಬಯಿಯ ಅನೇಕ ಕನ್ನಡಿಗ ಯುವಕರು ವಿಹಾರನೌಕೆಗಳ ಅಡುಗೆಮನೆ, ಭೋಜನಶಾಲೆಗಳಲ್ಲಿ ಕೆಲಸಕ್ಕಿದ್ದಾರೆ. ಕಾಯಿಲೆಯೆಂದರೆ ಸಂಬಳ ಹೋದೀತು, ಮುಂದಿನ ಕರಾರು ಸಿಗಲಾರದು ಎಂಬ ಅಂಜಿಕೆಯಿಂದ ಭೇದಿಯಾಗುತ್ತಿದ್ದರೂ ಮುಚ್ಚಿಟ್ಟು ಬಡಿಸಲು ನಿಲ್ಲುವವರಿದ್ದಾರೆ. ಅವರ ಮನೆಯವರಾದರೂ ಈ ವಿಷಯ ತಿಳಿದಿರಬೇಕು: 2006ರ ಸಾಗರ ಕಾರ್ಮಿಕ ಒಡಂಬಡಿಕೆಯನ್ನು ಭಾರತವು 2015ರಲ್ಲಿ ಅಂಗೀಕರಿಸಿದೆ. ಅದರಂತೆ ಅಡುಗೆಯವರು, ಬಡಿಸುವವರು, ಕೋಣೆ ಶುಚಿಗೊಳಿಸುವವರು ಎಲ್ಲರೂ ನಾವಿಕರೆಂದೇ ಪರಿಗಣಿತರು. ಹಡಗಿನಲ್ಲಿ ಅವರಿಗೆ ವೈದ್ಯಕೀಯ ಚಿಕಿತ್ಸೆ ಉಚಿತ. ಕಾಯಿಲೆಯಿಂದ ದುಡಿಯಲಾರದೆ ಹಡಗಿನಲ್ಲಿ ಉಳಿದಿರುವಷ್ಟು ದಿನವೂ ಪೂರ್ಣ ವೇತನ ಸಲ್ಲಬೇಕು. ಕೆಲಸಕ್ಕೆ ಸೇರುವಾಗ ಕೈಗೆ ಬರುವ ಕರಾರುಪತ್ರದಲ್ಲಿ ಈ ಅಂಶಗಳು ನಮೂದಾಗಿವೆಯೇ ಎಂಬುದನ್ನು ಸಹಿ ಹಾಕುವ ಮುನ್ನ ನೋಡಿಕೊಂಡು, ಒಂದು ಪ್ರತಿಯನ್ನು ಮನೆಯಲ್ಲಿಯೂ ಇರಿಸಬೇಕು.