ಬಾಣಂತನವಿಲ್ಲದ ಬಾಣಂತಿ: ಒಮಾನಿನ ಅಲ್ಪಾದಾಯದ ತಾಯಂದಿರಲ್ಲಿ ಖಿನ್ನತೆ ಮತ್ತು ಅದರ ಚಿಕಿತ್ಸೆ

ಒಮಾನಿನಲ್ಲಿ ದುಡಿಯುವ ವಿದೇಶೀಯನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಅವನ ತಿಂಗಳ ಸಂಬಳ ಒಂದು ಮಿತಿಯನ್ನು ಮುಟ್ಟಿರಬೇಕು. 600 ರಿಯಾಲ್ ಇದ್ದ ಈ ಮಿತಿ 2017ರಲ್ಲಿ 300ಕ್ಕೆ ಇಳಿಯಿತು. ಆಮೇಲೆ ಮತ್ತಷ್ಟು ತಗ್ಗಿತು. ಹಿಂದೆ ಎಂಜಿನಿಯರುಗಳಿಗೆ, ಲೆಕ್ಕಪರಿಶೋಧಕರಿಗೆ ಸುಲಭವಾಗಿದ್ದ ಸಂಸಾರಸಹಿತ ವಾಸ ಹೀಗೆ ಚಾಲಕರಿಗೆ, ಅಂಗಡಿ ಸಹಾಯಕರಿಗೆ, ಏಸಿ ಮೆಕ್ಯಾನಿಕ್ಕುಗಳಿಗೂ ಎಟುಕುವಂತಾಯಿತು. ಒಟ್ಟಿಗಿರುವ ಭಾಗ್ಯವೇನೋ ಬಂತು. ಆದರೆ ಕುಟುಂಬ ವೀಸಾದಲ್ಲಿ ಬಂದವಳಿಗೆ ಅದೇ ವೀಸಾದ ಮೇಲೆ ಸಂಬಳದ ಕೆಲಸ ಹಿಡಿಯುವ ಹಕ್ಕಿಲ್ಲ. ರುವಿಯಲ್ಲೋ ವಾದಿ ಕಬೀರಿನಲ್ಲೋ ಇನ್ನೊಂದು ಸಂಸಾರದೊಡನೆ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆ, ಕತ್ತಲಾದ ಮೇಲೆ ಮನೆ ಸೇರುವ ಗಂಡ, ಮೇ ತಿಂಗಳಿನಿಂದ ಹೊರಗೆ ಕಾಲಿಡಲು ಬಿಡದ ಬಿಸಿಲು. ಇಂತಹ ಕಡೆ ಮಗು ಹುಟ್ಟುತ್ತದೆ.

ಊರಿನಲ್ಲಾಗಿದ್ದರೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವ ಕೈಗಳಿರುತ್ತಿದ್ದವು, ರಾತ್ರಿ ಮಗುವನ್ನೆತ್ತಿಕೊಂಡು ತಾಯಿಗೆ ಎರಡು ಗಂಟೆ ನಿದ್ದೆ ಕೊಡಿಸುವ ಅಜ್ಜಿಯಿರುತ್ತಿದ್ದಳು. ಒಮಾನಿ ಕುಟುಂಬಗಳಲ್ಲಿಯೂ ಹೆರಿಗೆಯ ನಂತರದ ನಲವತ್ತು ದಿನಗಳ ಆರೈಕೆಯ ರೂಢಿ ಉಂಟು. ನೆರೆಯ ಒಮಾನಿ ತಾಯಿಗೆ ಸಿಗುವ ಈ ಆಸರೆ ಕೆಳಗಿನ ಸಂಬಳದ ಕನ್ನಡತಿಗೆ ಸಿಗಬೇಕಾದರೆ ಅಮ್ಮನ ವಿಮಾನ ಟಿಕೆಟ್ಟು, ಭೇಟಿ ವೀಸಾ, ಮಲಗಲು ಜಾಗ ಮೂರೂ ಒದಗಬೇಕು. ಹಾಗೆಂದು ಬಾಣಂತನವನ್ನು ದಿವ್ಯೌಷಧವೆಂದು ಹೊಗಳುವುದು ತರವಲ್ಲ. ಅದು ನಡೆಯುವ ನೆಲದಲ್ಲಿಯೇ, ನಮ್ಮ ಪಕ್ಕದ ಗೋವೆಯಲ್ಲಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾಗಿ ಆರರಿಂದ ಎಂಟು ವಾರಗಳಾದ ತಾಯಂದಿರ ಪೈಕಿ ಶೇ. 23ರಷ್ಟು ಮಂದಿಗೆ ಖಿನ್ನತೆಯಿತ್ತು. ಬಡತನ, ದಾಂಪತ್ಯದ ವಿರಸ, ಹುಟ್ಟಿದ್ದು ಹೆಣ್ಣುಮಗು ಎಂಬ ಅಸಮಾಧಾನ ಇವು ಅಲ್ಲಿ ಮುಖ್ಯ ಕಾರಣಗಳಾಗಿ ಕಂಡವು.

ಒಮಾನಿನ ದಾಖಿಲಿಯಾ ಪ್ರಾಂತದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು ಹೆರಿಗೆಯ ಎರಡನೆಯ ವಾರದಲ್ಲಿ ಶೇ. 13.5, ಎಂಟನೆಯ ವಾರದಲ್ಲಿ ಶೇ. 10.6 ತಾಯಂದಿರಲ್ಲಿ ಖಿನ್ನತೆಯನ್ನು ಗುರುತಿಸಿತು. ಅದು ಆ ನಾಡಿನ ತಾಯಂದಿರ ಮಾತು. ಬಂಧುಬಳಗ ಸುತ್ತಲೂ ಇದ್ದವರ ಮಾತು.

ಇಲ್ಲಿ ಮೂರು ಸ್ಥಿತಿಗಳನ್ನು ಬೇರ್ಪಡಿಸಿ ನೋಡಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು ಬಹುಪಾಲು ತಾಯಂದಿರಿಗೆ ಸಹಜ. ಎರಡು ವಾರದೊಳಗೆ ಅದು ತಾನಾಗಿ ಹೋಗುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆದದ್ದು ಬೇರೆ: ಭ್ರಮೆ, ಸಂಶಯ, ನಿದ್ದೆಯೇ ಬೇಡವೆನಿಸುವ ಉದ್ರೇಕ. ಇದು ಅಪರೂಪ, ಆದರೆ ಅದೇ ದಿನ ಆಸ್ಪತ್ರೆ ಸೇರಬೇಕಾದ ತುರ್ತು. ಇವೆರಡರ ನಡುವೆ ಇರುವುದು ಖಿನ್ನತೆ. ಎರಡು ವಾರ ಮೀರಿದ ಬೇಸರ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಮಗು ಮಲಗಿದರೂ ತನಗೆ ನಿದ್ದೆ ಬಾರದಿರುವುದು, ತಾನು ಕೆಟ್ಟ ತಾಯಿ ಎಂಬ ಅಪರಾಧಭಾವ ಅದರ ಲಕ್ಷಣಗಳು. ಅದು ಮಗುವಿನ ಮೊದಲ ವರ್ಷದಲ್ಲಿ ಎಂದಾದರೂ ತಲೆದೋರಬಹುದು. ಎಷ್ಟೋ ಸಲ ಬಸಿರಿನಲ್ಲಿಯೇ ಆರಂಭವಾಗಿರುತ್ತದೆ.

ಖಿನ್ನತೆಯೆಂಬ ಪದವನ್ನು ನಮ್ಮ ಹೆಂಗಸರು ಬಳಸುವುದು ಕಡಿಮೆ. ತಲೆ ಭಾರ, ಮೈ ಕೈ ನೋವು, ಎದೆ ಹೊಡೆದುಕೊಳ್ಳುತ್ತದೆ, ಸುಸ್ತು ಎನ್ನುತ್ತಾರೆ. ವೈದ್ಯರು ಟಾನಿಕ್ ಬರೆದುಕೊಡುತ್ತಾರೆ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಲೇಬೇಕು, ಏಕೆಂದರೆ ಅವೂ ಇದೇ ವೇಷದಲ್ಲಿ ಬರುತ್ತವೆ. ಆದರೆ ಅಷ್ಟಕ್ಕೇ ನಿಲ್ಲಬಾರದು. 1987ರಲ್ಲಿ ಸಿದ್ಧವಾದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಗರಿಷ್ಠ 30 ಅಂಕ. ಅದರ ಕನ್ನಡ ರೂಪವನ್ನು ಕರ್ನಾಟಕದ ಗ್ರಾಮೀಣ ಗರ್ಭಿಣಿಯರಲ್ಲಿ ಪರೀಕ್ಷಿಸಿದ ವರದಿ 2011ರಲ್ಲಿ ಪ್ರಕಟವಾಗಿದೆ. 13 ಮತ್ತು ಅದಕ್ಕೆ ಮೇಲಿನ ಅಂಕ ಬಂದವರನ್ನು ವೈದ್ಯರು ನೋಡಬೇಕು. ಅಂಕವೇ ರೋಗನಿರ್ಣಯವಲ್ಲ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತ ಹತ್ತನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಮಾತ್ರ ಒಟ್ಟು ಅಂಕ ಎಷ್ಟೇ ಇರಲಿ, ಕಡೆಗಣಿಸುವಂತಿಲ್ಲ.

ಚಿಕಿತ್ಸೆಯ ಮಾತಿಗೆ ಬಂದರೆ ಬಡ ತಾಯಂದಿರ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಪಾಠ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಿಂದ ಬಂದಿದೆ. ಮನೋವೈದ್ಯ ಆತಿಫ್ ರಹಮಾನ್ ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಆರೋಗ್ಯ ಕಾರ್ಯಕರ್ತೆಯರಿಗೆ ಎರಡು ದಿನಗಳ ತರಬೇತಿ ಕೊಟ್ಟರು, ಮುಂದೆ ತಪ್ಪದೆ ಮೇಲ್ವಿಚಾರಣೆ ನಡೆಸಿದರು. ಬಸಿರಿನ ಕೊನೆಯ ತಿಂಗಳು ವಾರಕ್ಕೊಮ್ಮೆ, ಹೆರಿಗೆಯಾದ ತಿಂಗಳು ಮೂರು ಸಲ, ಬಳಿಕ ತಿಂಗಳಿಗೊಮ್ಮೆ, ಹೀಗೆ ಒಟ್ಟು 16 ಭೇಟಿಗಳು. ಪ್ರತಿ ಭೇಟಿಯಲ್ಲೂ ತಾಯಿಯ ಸ್ವಂತ ಆರೋಗ್ಯ, ಮಗುವಿನೊಡನೆ ಒಡನಾಟ, ಮನೆಯವರ ನೆರವು ಇವುಗಳ ಬಗ್ಗೆ ಮಾತು. ‘ನನ್ನ ಹಣೆಬರಹ, ಮಗು ಹೇಗೋ ಬೆಳೆಯುತ್ತದೆ’ ಎಂಬಂತಹ ಯೋಚನೆಯನ್ನು ಚಿತ್ರಗಳ ನೆರವಿನಿಂದ ಗುರುತಿಸುವುದು, ಅದರ ಬದಲಿಗೆ ಕೈಲಾಗುವ ಒಂದು ಚಿಕ್ಕ ಕೆಲಸವನ್ನು ಒಪ್ಪಿಕೊಳ್ಳುವುದು, ಮುಂದಿನ ಭೇಟಿಯೊಳಗೆ ಮಾಡಿ ನೋಡುವುದು, ಕ್ರಮ ಇಷ್ಟೇ.

ಇದರಲ್ಲಿ ಒಂದು ಜಾಣತನವಿತ್ತು. ಕಾರ್ಯಕರ್ತೆಯರು ಖಿನ್ನತೆಯ ಚಿಕಿತ್ಸೆಗೆಂದು ಬಾಗಿಲು ತಟ್ಟಲಿಲ್ಲ. ಮಗು ಚೆನ್ನಾಗಿ ಬೆಳೆಯಲೆಂದು ಬಂದಿದ್ದೇವೆ ಎಂದರು. ಸೊಸೆಯ ಮನಸ್ಸಿನ ಬಗ್ಗೆ ಕೇಳಲು ಒಪ್ಪದ ಅತ್ತೆ ಮೊಮ್ಮಗುವಿನ ವಿಷಯಕ್ಕೆ ಪಕ್ಕದಲ್ಲಿ ಬಂದು ಕೂರುತ್ತಾಳೆ! 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳ ಬಳಿಕ ಈ ಮಾತುಕತೆ ಪಡೆದವರಲ್ಲಿ ಶೇ. 23 ಮಂದಿಯಲ್ಲಿ ಖಿನ್ನತೆ ಉಳಿದಿತ್ತು. ಬರಿಯ ಭೇಟಿಗಳನ್ನಷ್ಟೇ ಪಡೆದವರಲ್ಲಿ ಶೇ. 53. ಮಕ್ಕಳ ಅತಿಸಾರ ತಗ್ಗಿತು, ಲಸಿಕೆಗಳು ಪೂರ್ಣವಾದವು. ಮಕ್ಕಳ ತೂಕ ಎತ್ತರಗಳಲ್ಲಿ ಮಾತ್ರ ವ್ಯತ್ಯಾಸವಾಗಲಿಲ್ಲ. ಏಳು ವರ್ಷಗಳ ನಂತರ ನೋಡಿದಾಗಲೂ ಎರಡು ಗುಂಪಿನ ಮಕ್ಕಳ ಬೆಳವಣಿಗೆ ಒಂದೇ ಸಮನಾಗಿತ್ತು. ನನ್ನ ದೃಷ್ಟಿಯಲ್ಲಿ ಇದು ಸೋಲಲ್ಲ. ತಾಯಿಯ ನೋವು ಕಳೆಯುವುದಕ್ಕೆ ಮಗುವಿನ ತೂಕದ ಸಮರ್ಥನೆ ಏಕೆ ಬೇಕು?

ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು 2015ರಲ್ಲಿ ಕೈಪಿಡಿಯಾಗಿ ಹೊರತಂದಿತು. ಗೋವೆಯಲ್ಲಿ ಸಂಗಾತ್ ಸಂಸ್ಥೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆರೋಗ್ಯ ಕಾರ್ಯಕರ್ತೆಯರ ಬದಲು ಅದೇ ಊರಿನ ಸಾಮಾನ್ಯ ತಾಯಂದಿರನ್ನು ‘ಸಖಿ’ಯರನ್ನಾಗಿ ತರಬೇತುಗೊಳಿಸಿದರು. 2019ರ ವರದಿಯಂತೆ ಲಾಭ ಸಾಧಾರಣ ಪ್ರಮಾಣದ್ದು, ಆದರೂ ಆರನೆಯ ತಿಂಗಳಿಗೆ ಗುಣಮುಖರಾದವರ ಸಂಖ್ಯೆ ಹೆಚ್ಚಿತ್ತು. ಚಿಲಿಯ ಸಾಂತಿಯಾಗೋದ ಬಡ ತಾಯಂದಿರಿಗೆ ಗುಂಪು ಮಾತುಕತೆ ಮತ್ತು ಔಷಧ ಎರಡನ್ನೂ ಕೊಟ್ಟಾಗ ಮೂರನೆಯ ತಿಂಗಳಲ್ಲಿ ಕಂಡ ಚೇತರಿಕೆಯ ಅಂತರ ಆರನೆಯ ತಿಂಗಳಿಗೆ ಕುಗ್ಗಿತ್ತು. ಬೇಗ ಕೈಬಿಟ್ಟರೆ ಫಲ ಉಳಿಯದು.

ಔಷಧದ ಬಗ್ಗೆ ನಮ್ಮಲ್ಲಿ ಅಂಜಿಕೆ ಹೆಚ್ಚು. ಮಧ್ಯಮ ಹಾಗೂ ತೀವ್ರ ಖಿನ್ನತೆಗೆ ಮಾತ್ರೆ ಬೇಕಾಗಬಹುದು. ಸರ್ಟ್ರಲಿನ್‌ನಂತಹವು ಎದೆಹಾಲಿಗೆ ಹೋಗುವ ಪ್ರಮಾಣ ಬಹಳ ಕಡಿಮೆ. ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ಗುಣ ಕಂಡ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಒಮಾನಿನಲ್ಲಿ ಸರಕಾರಿ ಚಿಕಿತ್ಸೆ ಪ್ರಜೆಗಳಿಗೆ ಉಚಿತ. ವಿದೇಶೀಯರು ಹೆಚ್ಚಾಗಿ ಖಾಸಗಿ ಕ್ಲಿನಿಕ್ಕುಗಳನ್ನೇ ಅವಲಂಬಿಸಿದ್ದಾರೆ. ಮನೋವೈದ್ಯರ ಶುಲ್ಕ, ಟ್ಯಾಕ್ಸಿ, ಮಾತ್ರೆ ಇವೆಲ್ಲ ಸೇರಿದರೆ ತಿಂಗಳ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ ರಾವಲ್ಪಿಂಡಿಯ ಮಾದರಿ ಇಲ್ಲಿಗೆ ಹೊಂದುತ್ತದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಬಲ್ಲ ನಾಲ್ಕಾರು ಹೆಂಗಸರಿಗೆ ವೈದ್ಯರೊಬ್ಬರ ಮೇಲ್ವಿಚಾರಣೆಯಲ್ಲಿ ತರಬೇತಿ ಕೊಡಿಸುವುದು ಯಾವ ಕನ್ನಡ ಸಂಘಕ್ಕೂ ಒಂದು ರಾಜ್ಯೋತ್ಸವದ ಊಟದ ಖರ್ಚಿಗಿಂತ ದೊಡ್ಡದಲ್ಲ. ಗಂಡಂದಿರಿಗೂ ಒಂದು ಮಾತು: 2023ರ ಒಮಾನ್ ಕಾರ್ಮಿಕ ಕಾನೂನು ತಂದೆಗೆ ಏಳು ದಿನಗಳ ರಜೆ ಕೊಟ್ಟಿದೆ, ಅದನ್ನು ಕೇಳಿ ಪಡೆಯಬೇಕು. ದುಡಿಯುವ ತಾಯಿಗೆ 98 ದಿನಗಳ ಹೆರಿಗೆ ರಜೆ ಉಂಟು.

ಬದುಕು ಸಾಕೆನ್ನುವ ಮಾತು ಬಾಣಂತಿಯ ಬಾಯಿಂದ ಬಂದರೆ ಆಕೆಯನ್ನಾಗಲಿ ಮಗುವನ್ನಾಗಲಿ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಒಮಾನಿನ ತುರ್ತು ಸಂಖ್ಯೆ 9999. ಮಸ್ಕತ್ತಿನ ಅಮೆರಾತ್‌ನಲ್ಲಿರುವ ಅಲ್ ಮಸರ‍್ರಾ ದೇಶದ ಮಾನಸಿಕ ಚಿಕಿತ್ಸೆಯ ಪ್ರಮುಖ ಆಸ್ಪತ್ರೆ. ಹೆರಿಗೆಗೆ ಊರಿಗೆ ಹೋದವರಿಗೆ ಭಾರತದಲ್ಲಿ 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೇ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವಿದೆ.