ಹೊಲದ ಕಾವಲಿಗೆ ಯಾವ ಕೋವಿ?

ಮೆಕ್ಕೆಜೋಳ ತೆನೆ ಕಟ್ಟಿ ಕಾಳಿಗೆ ಹಾಲು ತುಂಬುವ ಹೊತ್ತಿಗೆ ಹೊನ್ನಾಳಿ, ನ್ಯಾಮತಿ ಕಡೆಯ ರೈತನಿಗೆ ರಾತ್ರಿ ನಿದ್ದೆ ಇಲ್ಲ. ಕಾಡುಹಂದಿಯ ಹಿಂಡು ಹೊಲಕ್ಕೆ ನುಗ್ಗಿದರೆ ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ಜಗಳೂರಿನ ಶೇಂಗಾ ಹೊಲಗಳಲ್ಲೂ ಅದೇ ಕಾಟ. ಚನ್ನಗಿರಿಯ ಕಾಡಂಚಿನ ಅಡಿಕೆ ತೋಟಗಳಿಗಂತೂ ಹಂದಿಯ ಜೊತೆಗೆ ಆನೆಯ ಭಯವೂ ಉಂಟು. ತಮಟೆ ಬಡಿದು, ಗರ್ನಾಲು ಸಿಡಿಸಿ, ಹಳೆ ಸೀರೆಗಳ ಬೇಲಿ ಕಟ್ಟಿ ಸಾಕಾದವರು ಕಡೆಗೆ ಕೇಳುವ ಪ್ರಶ್ನೆ ಒಂದೇ: ಕೋವಿ ಇಟ್ಟುಕೊಳ್ಳುವುದಾದರೆ ಯಾವುದನ್ನು ಇಟ್ಟುಕೊಳ್ಳಬೇಕು?

ರೈಫಲ್ಲಿನ ಆಸೆ

ತೇಜಸ್ವಿಯವರು ಕನ್ನಡಕ್ಕೆ ತಂದ ಕಾರ್ಬೆಟ್, ಆಂಡರ್ಸನ್ನರ ಶಿಕಾರಿ ಕಥೆಗಳನ್ನು ಓದಿ ಬೆಳೆದವರ ಮನಸ್ಸು ಮೊದಲು ಓಡುವುದು ರೈಫಲ್ಲಿನ ಕಡೆಗೆ. ಕಾರ್ಬೆಟ್ ಬಳಸುತ್ತಿದ್ದ .275 ರಿಗ್ಬಿ ಬೋಲ್ಟ್ ಎಳೆಯುವ ಮಾದರಿಯದು. ಬೋಲ್ಟನ್ನು ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಸೇರುತ್ತದೆ. ನಮ್ಮ ದೇಶದ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ನಾಗರಿಕರಿಗೆಂದು ತಯಾರಿಸಿದ ಇಂಥ ರೈಫಲ್ಲುಗಳಲ್ಲಿ ಎರಡು ಹೆಸರುವಾಸಿ: .315 ಮತ್ತು .30-06. ಮೊದಲನೆಯದರ ಗುಂಡು ಭಾರ, ವೇಗ ಕಡಿಮೆ. ಎರಡನೆಯದು 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ತೋಟಾ. ವೇಗ ಹೆಚ್ಚು, ಗುಂಡಿನ ಹಾದಿ ನೇರ.

ಗುರಿಗಾರನಿಗೆ ಇವೆರಡರ ನಡುವಿನ ಆಯ್ಕೆ ದೊಡ್ಡ ಚರ್ಚೆಯ ವಿಷಯ. ಹೊಲ ಕಾಯುವವನಿಗೆ ಎರಡೂ ಬೇಡ. ನಳಿಗೆ ತುಸು ಮೇಲೆದ್ದು ಗುಂಡು ತಪ್ಪಿತೆಂದರೆ ಅದು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಹೊಲದಾಚೆ ಹೊಲ, ಅದರಾಚೆ ಕೊಟ್ಟಿಗೆ, ಅದರಾಚೆ ಊರು ಇರುವ ನಮ್ಮ ಸೀಮೆಯಲ್ಲಿ ಕತ್ತಲಲ್ಲಿ ಹಾರಿಸಿದ ಗುಂಡಿಗೆ ಯಾರು ಹೊಣೆ? ಕಾನೂನು ಕೂಡ ಬೆಳೆ ರಕ್ಷಣೆಯ ಮಾತು ಬಂದಾಗ ರೈಫಲ್ಲಿನ ಹೆಸರೆತ್ತುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ರೈತನಿಗೆ ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ನಳಿಗೆ 20 ಅಂಗುಲಕ್ಕೆ ಕಡಿಮೆ ಇಲ್ಲದ, ಒಳಗೆ ನುಣುಪಾದ ಬೇರೆ ಕೋವಿ, ಎಂದರೆ ತೋಟಾ ಕೋವಿ. ರೈತನ ಮುಂದಿರುವ ನಿಜವಾದ ಆಯ್ಕೆ ಈ ಎರಡರ ನಡುವಿನದು.

ಕೇಪೋ, ತೋಟವೋ?

ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ಇಟ್ಟು ಗಜದ ಕೋಲಿನಿಂದ ಜಡಿಯಬೇಕು. ಕುದುರೆ ಬಡಿದು ಕೇಪು ಸಿಡಿದರೆ ಈಡು ಹಾರುತ್ತದೆ. ಒಂದು ಈಡಿನ ನಂತರ ಇನ್ನೊಂದಕ್ಕೆ ನಿಮಿಷ ಹಿಡಿಯುತ್ತದೆ. ಮಳೆಗಾಲದ ತೇವಕ್ಕೆ ಮದ್ದು ಕೈಕೊಡುವುದೂ ಉಂಟು. ಕೆಲವೊಮ್ಮೆ ಕೇಪು ಸಿಡಿದು ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಈಡು ಹಾರುತ್ತದೆ. ಆ ಗಳಿಗೆಯಲ್ಲಿ ಬಾಯಿಗೆ ಕಣ್ಣಿಟ್ಟು ನೋಡಿದವನ ಗತಿ ಹೇಳಬೇಕಿಲ್ಲ. ಮದ್ದಿನ ಅಳತೆ ತಪ್ಪಿದರೆ, ತುಂಬಿದ್ದನ್ನು ಮರೆತು ಎರಡನೆಯ ಸಲ ತುಂಬಿದರೆ ನಳಿಗೆಯೇ ಸಿಡಿಯಬಹುದು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಗೋಡೆಗೆ ನೇತುಹಾಕಿದ ಕೇಪಿನ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಎಂಬುದು ನೋಡಿದ ಮಾತ್ರಕ್ಕೆ ತಿಳಿಯದು.

ತೋಟಾ ಕೋವಿಯಲ್ಲಿ ಈ ಗೋಜಿಲ್ಲ. ನಳಿಗೆ ಮುರಿದು ನೋಡಿದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮನೆಗೆ ಬಂದೊಡನೆ ತೋಟಾ ತೆಗೆದು ಕೋವಿ ಒಂದೆಡೆ, ತೋಟಾ ಒಂದೆಡೆ ಬೀಗ ಹಾಕಿಡಬಹುದು. ತೇವದ ಕಾಟವೂ ಕಡಿಮೆ. ಮಕ್ಕಳಿರುವ ಮನೆಗೆ ಇದೇ ಲೇಸು.

ಹಾಗೆಂದು ಕೇಪಿನ ಕೋವಿಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲೊಂದು ದೊಡ್ಡ ಗುಣವಿದೆ: ಚರೆ ಹಾಕದೆ ಬರೀ ಮದ್ದು, ನಾರು ತುಂಬಿ ಸದ್ದು ಮಾಡಬಹುದು. ಅಂಗಡಿಯಿಂದ ತಂದ ತೋಟಾದಲ್ಲಿ ಚರೆ ಇದ್ದೇ ಇರುತ್ತದೆ. ಹೆದರಿಸಲು ಹಾರಿಸಿದ್ದು ಎಲ್ಲೋ ಬಿದ್ದೇ ಬೀಳಬೇಕು. ಹಂದಿಯನ್ನು ಹೊಲದಿಂದ ಓಡಿಸುವುದಷ್ಟೇ ಕೆಲಸವಾದರೆ ಅಜ್ಜನ ಕಾಲದ ಕೇಪಿನ ಕೋವಿಯೇ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಇಟ್ಟುಕೊಳ್ಳುವುದು ಬೇರೆ, ಹೊಡೆಯುವುದು ಬೇರೆ

ಇಲ್ಲಿಯೇ ಹಲವರು ಎಡವುವುದು. ಕೋವಿಯ ಪರವಾನಗಿ ಎಂದರೆ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೆಳೆಗೆ ಹಾನಿ ಮಾಡುವ ಕಾಡುಹಂದಿಯನ್ನು ಹೊಡೆಯಲೂ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಬೇಕು. 2015-16ರ ಸುಮಾರಿಗೆ ಉತ್ತರಾಖಂಡ, ಬಿಹಾರದ ಕೆಲವು ಜಿಲ್ಲೆಗಳಲ್ಲಿ ಕೇಂದ್ರ ಸರ್ಕಾರ ಕಾಡುಹಂದಿಯನ್ನು ಗೊತ್ತಾದ ಅವಧಿಗೆ ಉಪದ್ರವಿ ಪ್ರಾಣಿ ಎಂದು ಸಾರಿದ್ದುಂಟು. ಆ ಆದೇಶ ಅಲ್ಲಿನವರಿಗಷ್ಟೇ. ನಮ್ಮವರು ಅದನ್ನು ನಂಬಿ ಕೋವಿ ಎತ್ತುವಂತಿಲ್ಲ. ಅನುಮತಿಯಿಂದಲೇ ಹೊಡೆದರೂ ಸತ್ತ ಹಂದಿ ಸರ್ಕಾರದ ಸ್ವತ್ತು, ಮಾಂಸ ಮನೆಗೆ ಬರುವಂತಿಲ್ಲ.

ಆನೆ, ಕರಡಿಗಳ ಮಾತಂತೂ ಬೇರೆಯೇ. ಅವು ಮೊದಲನೇ ಅನುಸೂಚಿಯ ಪ್ರಾಣಿಗಳು. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆಗೆ ಬಾಲಕಿಯೊಬ್ಬಳು ಬಲಿಯಾದಳು. ಆನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಕ್ರೆಬೈಲು ಬಿಡಾರದ ಅನುಭವಿ ವೈದ್ಯರೇ ತೀವ್ರವಾಗಿ ಗಾಯಗೊಂಡರು. ಪಳಗಿದವರಿಗೇ ಹೀಗಾದಾಗ ಚರೆ ಹಾರಿಸಿ ಆನೆಯನ್ನು ಕೆಣಕುವುದು ಸಾವನ್ನು ಮನೆಗೆ ಕರೆದಂತೆ. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದೆ ಸದುದ್ದೇಶದಿಂದ ಮಾಡಿದ ಕೆಲಸವನ್ನು ಕಾಯ್ದೆ ಅಪರಾಧವೆನ್ನುವುದಿಲ್ಲ. ಅಡಿಕೆ ಮರ ಉಳಿಸಲು ಮಾಡಿದ್ದಕ್ಕೆ ಆ ರಕ್ಷಣೆ ಸಿಗದು.

ನೆಲ ನೋಡಿ ಕೋವಿ

ಜಗಳೂರಿನವರು ಅರ್ಜಿ ಬರೆಯುವ ಮೊದಲೇ ಒಂದು ಸಂಗತಿ ತಿಳಿದಿರಬೇಕು. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗಾಗಿ 2011ರಲ್ಲಿ ವನ್ಯಧಾಮವಾಯಿತು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಕೋವಿ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ಹಳೆಯ ಪರವಾನಗಿದಾರರೂ ಹೆಸರು ನೋಂದಾಯಿಸಬೇಕು. ಹೊನ್ನಾಳಿ, ನ್ಯಾಮತಿಯಲ್ಲಿ ತೊಂದರೆ ಬೇರೆ. ಆಳೆತ್ತರದ ಮೆಕ್ಕೆಜೋಳದಲ್ಲಿ ಅಲ್ಲಾಡಿದ್ದು ಹಂದಿಯೋ, ಪಕ್ಕದ ಹೊಲ ಕಾಯಲು ಬಂದ ಅಣ್ಣತಮ್ಮನೋ ಕತ್ತಲಲ್ಲಿ ಗೊತ್ತಾಗದು. ಸದ್ದಿಗೆ ಗುರಿಯಿಡುವ ಅಭ್ಯಾಸವೇ ಅಲ್ಲಿ ಪ್ರಾಣಕ್ಕೆ ಎರವು. ಅಂಥ ಹೊಲಕ್ಕೆ ಚರೆಯಿಲ್ಲದ ಈಡೇ ಸರಿ. ಆಳುಕಾಳು ಓಡಾಡುವ ಚನ್ನಗಿರಿಯ ತೋಟದ ಮನೆಗೆ, ಜಿಲ್ಲಾಧಿಕಾರಿಗಳು ಒಪ್ಪಿದರೆ, ತೋಟಾ ಕೋವಿ ವಾಸಿ.

ಯಾವುದನ್ನೇ ಆರಿಸಿದರೂ ಅದು ವರ್ಷವಿಡೀ ಕೈಯಲ್ಲಿರುತ್ತದೆಂಬ ಭರವಸೆ ಇಲ್ಲ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿಡಬೇಕೆಂಬ ಸೂಚನೆ ಬರುವುದುಂಟು. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಇತ್ತು. ತೋಟದ ಬೆಳೆಗಾರರ ಈ ದೂರಿಗೆ ಒಂದೇ ದಾರಿ, ವಿನಾಯಿತಿ ಕೋರಿ ಜಿಲ್ಲಾ ಪರಿಶೀಲನಾ ಸಮಿತಿಗೆ ಅರ್ಜಿ ಕೊಡುವುದು.

ಪರವಾನಗಿ ಇಲ್ಲದ ನಾಡಕೋವಿ, ಹಂದಿಗೆಂದು ಇಡುವ ಸಿಡಿಮದ್ದು, ಬೇಲಿಗೆ ಹಾಯಿಸುವ ಲೈನಿನ ಕರೆಂಟು, ಈ ಮೂರೂ ಹಂದಿಯನ್ನಷ್ಟೇ ಕೊಲ್ಲುವುದಿಲ್ಲ. ದನ, ನಾಯಿ, ಕೆಲವೊಮ್ಮೆ ಇಟ್ಟವನನ್ನೇ ಕೊಲ್ಲುತ್ತವೆ. ಹಾನಿಯಾದ ಬೆಳೆಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಹೋದ ಜೀವ ಯಾವ ಅರ್ಜಿಗೂ ಮರಳದು. ಹೊಲದ ಕೋವಿಗೆ ಗುರಿಗಿಂತ ದನಿ ಮುಖ್ಯ. ಹಂದಿ ಓಡಿಹೋಗಿ, ಕಾಯುವವನೂ ನೆರೆಯವನೂ ಬೆಳಿಗ್ಗೆ ಮನೆ ಸೇರಿದರೆ ಆರಿಸಿದ ಕೋವಿ ಸರಿಯಾದದ್ದೇ.